ಟಾಂಗಾದಿಂದ ಬಿದ್ದ ತಾಯಿ, ಚಕ್ರಕ್ಕೆ ಸಿಕ್ಕ ಮಗುವಿನ ಪಾದ: ಇನ್ನು ಮುಂದೆ ಏನು ನೋಡಬೇಕು?

ಪ್ರಶ್ನೆ: ಆರು ದಿನದ ಹಿಂದೆ ಮೈಸೂರಿನಲ್ಲಿ ನನ್ನ ತಾಯಿ (66 ವರ್ಷ) ಮತ್ತು ನನ್ನ ಮಗ (7 ವರ್ಷ) ಟಾಂಗಾದಲ್ಲಿ ಹೋಗುತ್ತಿದ್ದರು. ಹಿಂದಿನಿಂದ ಬಂದ ಕಾರು ಚಕ್ರಕ್ಕೆ ತಾಗಿ ನಿಲ್ಲದೆ ಹೋಯಿತು. ಕುದುರೆ ಬೆದರಿ ಜಿಗಿಯಿತು. ಹಿಂದಿನ ಸೀಟಿನಲ್ಲಿದ್ದ ಅಮ್ಮ ರಸ್ತೆಗೆ ಬಿದ್ದರು, ಮಗನ ಕಾಲು ಚಕ್ರದ ಕಡ್ಡಿಗಳ ನಡುವೆ ಸಿಕ್ಕಿತು. ಅಮ್ಮನ ಎಡ ಮಣಿಕಟ್ಟು ಮುರಿದಿದೆ ಎಂದು ಪ್ಲಾಸ್ಟರ್ ಹಾಕಿ, ಮೊಣಕೈ ತರಚು ಗಾಯಕ್ಕೆ ಔಷಧಿ ಹಚ್ಚಿ, ಟಿಟಿ ಇಂಜೆಕ್ಷನ್ ಕೊಟ್ಟು ಕಳಿಸಿದರು. ಬೆನ್ನು ನೋವಿಗೆ ಮಾತ್ರೆ ಕೊಟ್ಟಿದ್ದಾರೆ. ಹೃದಯದ ತೊಂದರೆಗೆ ಅವರು ದಿನಾ ಆಸ್ಪಿರಿನ್ ತೆಗೆದುಕೊಳ್ಳುತ್ತಾರೆ. ಎರಡು ದಿನದಿಂದ ತಲೆ ಭಾರ ಅನ್ನುತ್ತಿದ್ದಾರೆ. ಮಗನ ಹಿಮ್ಮಡಿಯ ಮೇಲಿನ ಚರ್ಮ ಮೊದಲು ಕೆಂಪಗಿತ್ತು, ಈಗ ಕಪ್ಪಾಗುತ್ತಿದೆ. ಎಣ್ಣೆ ಹಚ್ಚಿ ನೀವಿಸಬಹುದೇ? ಮುಂದೆ ಯಾವಾಗ, ಯಾರನ್ನು ನೋಡಬೇಕು?

ಉತ್ತರ: ಮೊದಲು ಎರಡು ಕೆಲಸ, ಎರಡೂ ಇವತ್ತೇ ಆಗಬೇಕು. ತಾಯಿಯವರ ತಲೆಗೆ ಸಿಟಿ ಸ್ಕ್ಯಾನ್ ಮಾಡಿಸಿ. ಮಗನ ಪಾದವನ್ನು ಮೂಳೆ ತಜ್ಞರಿಗೋ ಪ್ಲಾಸ್ಟಿಕ್ ಸರ್ಜನ್‌ಗೋ ತೋರಿಸಿ. ಎಣ್ಣೆ ನೀವುವುದು ಇಬ್ಬರಿಗೂ ಬೇಡ. ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ.

ಆಸ್ಪತ್ರೆಯಲ್ಲಿ "ಟಾಂಗಾದಿಂದ ಬಿದ್ದರು" ಎಂದಷ್ಟೇ ಹೇಳಿದರೆ ಕೇಳಿದವರಿಗೆ ಅದು ಮನೆಯ ಮೆಟ್ಟಿಲಲ್ಲಿ ಜಾರಿಬಿದ್ದ ಹಾಗೆ ಕೇಳಿಸುತ್ತದೆ. ಮುಖ್ಯ ತೊಂದರೆ ಇಲ್ಲೇ ಶುರುವಾಗುತ್ತದೆ. ಇದು ಓಡುವ ವಾಹನದಿಂದ ಹೊರಗೆ ಎಸೆಯಲ್ಪಟ್ಟ ಅಪಘಾತ. ಗಾಡಿಯಲ್ಲಿ ಬೆಲ್ಟ್ ಇಲ್ಲ, ಹಿಂಬದಿಗೆ ಬಾಗಿಲಿಲ್ಲ, ಸೀಟು ನೆಲದಿಂದ ಸುಮಾರು ಎರಡೂವರೆ ಮೂರು ಅಡಿ ಮೇಲಿರುತ್ತದೆ. ಎಲ್ಲಿ ಕೂತಿದ್ದರು, ಯಾವ ಕಡೆ ಮುಖ ಮಾಡಿದ್ದರು, ಗಾಡಿ ಮುಂದಕ್ಕೆ ನುಗ್ಗಿತೋ ಪಕ್ಕಕ್ಕೆ ವಾಲಿತೋ, ಈ ಮೂರು ಗೊತ್ತಾದರೆ ಮೈಯ ಯಾವ ಭಾಗಕ್ಕೆ ಪೆಟ್ಟಾಗಿರಬಹುದು ಎಂದು ಬಹುಮಟ್ಟಿಗೆ ಊಹಿಸಬಹುದು.

ನಿಮ್ಮ ತಾಯಿಯವರ ವಿಷಯವನ್ನೇ ನೋಡಿ. ಹಿಂದಿನ ಸೀಟಿನವರ ಬೆನ್ನು ಕುದುರೆಯ ಕಡೆಗೆ, ಮುಖ ರಸ್ತೆಯ ಕಡೆಗೆ. ಕುದುರೆ ದಿಢೀರನೆ ಮುಂದೆ ಜಿಗಿದಾಗ ಗಾಡಿ ಅವರ ಕೆಳಗಿನಿಂದ ಸರಿದುಹೋಗುತ್ತದೆ, ಅವರು ತೆರೆದ ಹಿಂಬದಿಯಿಂದ ಕಾಲು ಮುಂದಾಗಿ ಜಾರುತ್ತಾರೆ. ಕಾಲು ನೆಲ ಮುಟ್ಟಿ ನಿಲ್ಲುತ್ತದೆ. ಆದರೆ ಮೈಗೆ ಗಾಡಿಯ ವೇಗ ಇನ್ನೂ ಇರುತ್ತದೆ, ಹಾಗಾಗಿ ಮೈಯ ಮೇಲ್ಭಾಗ ಗಾಡಿ ಹೋದ ದಿಕ್ಕಿಗೇ, ಅಂದರೆ ಅವರ ಬೆನ್ನಿನ ಕಡೆಗೇ ಬೀಳುತ್ತದೆ. ಕೈ ಹಿಂದಕ್ಕೆ ಊರುತ್ತದೆ: ಮಣಿಕಟ್ಟು. ಕುಂಡಿ ನೆಲಕ್ಕೆ ಬಡಿಯುತ್ತದೆ: ಬಾಲಮೂಳೆ, ಸೊಂಟ, ಅದರ ಹೊಡೆತ ಮೇಲೇರಿ ಬೆನ್ನುಮೂಳೆ. ಕೊನೆಗೆ ತಲೆಯ ಹಿಂಭಾಗ. ಮಣಿಕಟ್ಟಿನ ಎಕ್ಸ್‌ರೇ ಆಗಿದೆ. ಉಳಿದ ಎರಡನ್ನೂ ಯಾರೂ ನೋಡಿದಂತಿಲ್ಲ.

ತಲೆಯ ಮಾತು ಮೊದಲು. 65 ದಾಟಿದ ವಯಸ್ಸು, ವಾಹನದಿಂದ ಹೊರಗೆ ಬಿದ್ದಿರುವುದು, ಈಗ ಶುರುವಾದ ತಲೆಭಾರ, ಜೊತೆಗೆ ಆಸ್ಪಿರಿನ್: ಇಷ್ಟಿದ್ದ ಮೇಲೆ ಕಾಯುವುದರಲ್ಲಿ ಅರ್ಥವಿಲ್ಲ. ವಯಸ್ಸಾದಂತೆ ಮಿದುಳು ಸ್ವಲ್ಪ ಕುಗ್ಗಿ, ಅದರ ಹೊದಿಕೆಗೆ ಹೋಗುವ ಸಣ್ಣ ರಕ್ತನಾಳಗಳು ಬಿಗಿಯಾಗಿರುತ್ತವೆ. ಚಿಕ್ಕ ಪೆಟ್ಟಿಗೂ ಅವು ಹರಿದು ರಕ್ತ ನಿಧಾನವಾಗಿ ಜಿನುಗಬಹುದು. ಮೊದಲ ದಿನ ಚೆನ್ನಾಗಿಯೇ ಮಾತಾಡಿಕೊಂಡು ಇದ್ದವರು ಎರಡು ಮೂರು ವಾರದ ನಂತರ ಮಂಕಾಗುವುದು ಹೀಗೆ. ಸ್ಕ್ಯಾನ್‌ಗೆ ಹಿಡಿಯುವುದು ಕೆಲವೇ ನಿಮಿಷ, ಬಣ್ಣದ ಇಂಜೆಕ್ಷನ್ ಬೇಕಿಲ್ಲ. ಆಸ್ಪಿರಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿಸಿಕೊಂಡಿದ್ದರೆ ನಿಲ್ಲಿಸುವುದೇ ಅಪಾಯ ತರಬಹುದು. ಸ್ಕ್ಯಾನ್ ನೋಡಿದ ವೈದ್ಯರು ಹೃದಯದ ವೈದ್ಯರನ್ನು ಕೇಳಿ ತೀರ್ಮಾನಿಸಲಿ. ಸ್ಕ್ಯಾನ್ ಸರಿಯಾಗಿ ಬಂದರೂ ಆರರಿಂದ ಎಂಟು ವಾರ ಗಮನ ಇರಲಿ. ಹೊತ್ತಲ್ಲದ ಹೊತ್ತಿನಲ್ಲಿ ನಿದ್ದೆ, ಒಂದು ಕಾಲು ಎಳೆಯುವುದು, ನಡೆವಾಗ ವಾಲುವುದು, ಮಾತು ತಡವರಿಸುವುದು, ಹೇಳಿದ್ದನ್ನೇ ಮತ್ತೆ ಕೇಳುವುದು, ಬೆಳಗಿನ ವಾಂತಿ, ಇವುಗಳಲ್ಲಿ ಯಾವುದು ಕಂಡರೂ "ವಯಸ್ಸಾಯ್ತು" ಎಂದುಕೊಳ್ಳದೆ ಮತ್ತೆ ಸ್ಕ್ಯಾನ್ ಮಾಡಿಸಿ.

ಇನ್ನು ಬೆನ್ನು. ಕುಂಡಿಯ ಮೇಲೆ ಬಿದ್ದವರಲ್ಲಿ ಎದೆಯ ಬೆನ್ನೆಲುಬು ಮುಗಿದು ಸೊಂಟದ ಬೆನ್ನೆಲುಬು ಶುರುವಾಗುವ ಜಾಗ, ಅಂದರೆ ಕೊನೆಯ ಪಕ್ಕೆಲುಬಿನ ಮಟ್ಟ, ಮುಂಭಾಗದಲ್ಲಿ ಜಜ್ಜಿಹೋಗುತ್ತದೆ. ಮೂಳೆ ಸವೆದ ಹೆಂಗಸರಲ್ಲಿ ಇದು ಬಹಳ ಸಾಮಾನ್ಯ, ತಪ್ಪಿಹೋಗುವುದೂ ಅಷ್ಟೇ ಸಾಮಾನ್ಯ. ಏಕೆಂದರೆ ಮಲಗಿದಾಗ ನೋವು ಅಷ್ಟಾಗಿ ಇರುವುದಿಲ್ಲ. ಮಗ್ಗುಲು ಬದಲಿಸುವಾಗ, ಎದ್ದು ಕೂರುವಾಗ ಚುಚ್ಚುತ್ತದೆ. ಬೆನ್ನಿನ ನಟ್ಟನಡುವೆ ಬೆರಳ ತುದಿಯಿಂದ ಮೆಲ್ಲಗೆ ತಟ್ಟಿದಾಗ ಒಂದೇ ಜಾಗದಲ್ಲಿ "ಅಯ್ಯೋ" ಎಂದರೆ ಅನುಮಾನ ಬಲವಾಗುತ್ತದೆ. ಆ ಮಟ್ಟದ ಪಕ್ಕದ ನೋಟದ ಎಕ್ಸ್‌ರೇ ಬೇಕು, ವೈದ್ಯರು ಒಪ್ಪಿದರೆ ನಿಂತ ಭಂಗಿಯಲ್ಲಿ. ಅದರಲ್ಲಿ ಗೊತ್ತಾಗದೆ ನೋವು ಹಾಗೇ ಇದ್ದರೆ ಎಂಆರ್‌ಐ. ಹಳೆಯ ಮುರಿತ ಯಾವುದು, ಹೊಸದು ಯಾವುದು ಎಂಬುದನ್ನೂ ಎಂಆರ್‌ಐ ಹೇಳುತ್ತದೆ.

ಮುರಿತ ಸ್ಥಿರವಾಗಿದ್ದರೆ ಸಾಮಾನ್ಯವಾಗಿ ಆಪರೇಷನ್ ಬೇಕಾಗುವುದಿಲ್ಲ. ಎದ್ದಿರುವಾಗ ಬೆನ್ನಿಗೆ ಬ್ರೇಸ್, ಆರರಿಂದ ಹನ್ನೆರಡು ವಾರ. ತಿಂಗಳುಗಟ್ಟಲೆ ಮಲಗಿಸುವ ಹಳೆಯ ಪದ್ಧತಿ ಹಿರಿಯರಿಗೆ ಒಳ್ಳೆಯದಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಕಫ ಕಟ್ಟುತ್ತದೆ, ಮೂಳೆ ಇನ್ನಷ್ಟು ಸವೆಯುತ್ತದೆ. ಬ್ರೇಸ್ ಕಟ್ಟಿಕೊಂಡು ದಿನಕ್ಕೆ ನಾಲ್ಕೈದು ಸಲ ಮನೆಯೊಳಗೆ ನಡೆಸಿ. ಎಬ್ಬಿಸುವ ಕ್ರಮ ಕಲಿಸಿಕೊಡಿ. ಅವರ ಎಡಗೈ ಪ್ಲಾಸ್ಟರ್‌ನಲ್ಲಿರುವುದರಿಂದ ಮೊದಲು ಎರಡೂ ಮಂಡಿ ಮಡಿಸಿ, ಭುಜ, ಸೊಂಟ, ಮಂಡಿ ಮೂರೂ ಒಟ್ಟಿಗೆ ತಿರುಗುವಂತೆ ಬಲಮಗ್ಗುಲಿಗೆ ಹೊರಳಲಿ. ಆಮೇಲೆ ಕಾಲುಗಳನ್ನು ಮಂಚದಿಂದ ಕೆಳಗೆ ಇಳಿಬಿಟ್ಟು, ಬಲ ಮೊಣಕೈ ಊರಿ ಮೈಯನ್ನು ಮೇಲೆತ್ತಲಿ. ಅಂಗಾತ ಮಲಗಿದವರನ್ನು ಕೈ ಹಿಡಿದು ಎಳೆದು ಕೂರಿಸುವ ಅಭ್ಯಾಸ ಮನೆಗಳಲ್ಲಿದೆ. ಜಜ್ಜಿದ ಮೂಳೆಯ ಮುಂಭಾಗವನ್ನು ಅದು ಮತ್ತಷ್ಟು ಒತ್ತುತ್ತದೆ. ಬಾಗಿ ಕಸ ಗುಡಿಸುವುದು, ರಂಗೋಲಿ ಇಡುವುದು, ಕೊಡ ಎತ್ತುವುದು, ನೆಲದ ಶೌಚಾಲಯದಲ್ಲಿ ಕುಕ್ಕರುಗಾಲಲ್ಲಿ ಕೂರುವುದು ಮೂರು ತಿಂಗಳು ಬೇಡ. ಕಮೋಡ್ ಕುರ್ಚಿ ತನ್ನಿ. ಎರಡನೇ ವಾರ ಮತ್ತು ಆರನೇ ವಾರ ಎಕ್ಸ್‌ರೇ ಮತ್ತೆ ಆಗಬೇಕು, ಏಕೆಂದರೆ ಮೊದಲು ಸ್ವಲ್ಪವೇ ಜಜ್ಜಿದ್ದು ನಂತರ ಹೆಚ್ಚು ಕುಸಿಯಬಹುದು. ಮೂತ್ರ ಕಟ್ಟಿಕೊಂಡರೆ, ತೊಡೆಸಂದು ಮತ್ತು ಕುಂಡಿ ಜೋಮು ಹಿಡಿದರೆ, ಕಾಲಿನ ಬಲ ಕುಂದಿದರೆ ಬೆಳಗಾಗಲಿ ಎಂದು ಕಾಯಬಾರದು, ಆ ಗಂಟೆಯಲ್ಲೇ ಆಸ್ಪತ್ರೆ.

ನೋವಿಗೆ ಪ್ಯಾರಾಸಿಟಮಾಲ್ 650 ಮಿಲಿಗ್ರಾಂ ಆರು ಗಂಟೆಗೊಂದರಂತೆ, ದಿನಕ್ಕೆ ನಾಲ್ಕು ಮಾತ್ರೆ ಮೀರದಂತೆ. ಲಿವರ್ ತೊಂದರೆ ಇದ್ದರೆ ಮೊದಲೇ ಕೇಳಿ. ಆಸ್ಪಿರಿನ್ ತೆಗೆದುಕೊಳ್ಳುವವರಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವ, ಕಿಡ್ನಿಗೆ ಪೆಟ್ಟು. ಐಬುಪ್ರೊಫೆನ್ ಆಸ್ಪಿರಿನ್‌ನ ಕೆಲಸವನ್ನೂ ತಡೆಯುತ್ತದೆ. ಕೊಟ್ಟಿರುವ ಮಾತ್ರೆಯ ಹೆಸರು ಓದಿ ನೋಡಿ. ಟ್ರಮಡಾಲ್ ಇದ್ದರೆ ತಲೆಸುತ್ತು, ಮಲಬದ್ಧತೆ ಬರುತ್ತದೆ, ರಾತ್ರಿ ಎದ್ದಾಗ ಯಾರಾದರೂ ಜೊತೆಗಿರಲಿ.

ಮಣಿಕಟ್ಟಿನ ವಿಷಯದಲ್ಲಿ ನೀವು ಬರೆದಿರುವುದು ಸರಿಯಾದ ಸಮಯಕ್ಕೆ. ಈ ಮುರಿತವನ್ನು ಎಳೆದು ಕೂರಿಸಿ ಪ್ಲಾಸ್ಟರ್ ಹಾಕಿದ ಮೇಲೆ ಮೊದಲ ಎರಡು ವಾರದಲ್ಲಿ ಅದು ಮತ್ತೆ ಜಾರುವುದು ಹೆಚ್ಚು. ಊತ ಇಳಿದಂತೆ ಪ್ಲಾಸ್ಟರ್ ಸಡಿಲವಾಗುತ್ತದೆ, ಮೆತ್ತಗಿನ ಮೂಳೆ ಒಳಗೆ ಕುಸಿಯುತ್ತದೆ, ಹೊರಗಿನಿಂದ ಏನೂ ತಿಳಿಯುವುದಿಲ್ಲ. ಆದ್ದರಿಂದ ಏಳರಿಂದ ಹತ್ತು ದಿನದೊಳಗೆ ಒಂದು ಎಕ್ಸ್‌ರೇ, ಎರಡನೇ ವಾರ ಇನ್ನೊಂದು. ಜಾರಿದ್ದರೆ ಆಗ ಸರಿಪಡಿಸುವುದು ಸುಲಭ: ಮತ್ತೆ ಕೂರಿಸುವುದೋ, ತಂತಿ ಅಥವಾ ಪ್ಲೇಟ್ ಹಾಕುವುದೋ. ಮೂರು ವಾರ ಕಳೆದರೆ ವಕ್ರವಾಗಿಯೇ ಕೂಡಿಕೊಳ್ಳತೊಡಗುತ್ತದೆ. "ಆರು ವಾರ ಬಿಟ್ಟು ಬನ್ನಿ" ಎಂದು ಹೇಳಿ ಕಳಿಸಿದ್ದರೂ ನೀವು ಈ ವಾರವೇ ಹೋಗಿ ಕೇಳಿ.

ಪ್ಲಾಸ್ಟರ್ ಐದಾರು ವಾರ ಇರುತ್ತದೆ. ಬೆರಳುಗಳಿಗೆ ವಿಶ್ರಾಂತಿ ಬೇಡ. ಎಚ್ಚರವಿರುವಾಗ ಗಂಟೆಗೊಮ್ಮೆ ಹತ್ತು ಸಲ ಪೂರ್ತಿ ಮುಷ್ಟಿ ಕಟ್ಟಿ ಬಿಚ್ಚಲಿ, ಹೆಬ್ಬೆರಳಿನಿಂದ ಉಳಿದ ನಾಲ್ಕರ ತುದಿ ಮುಟ್ಟಲಿ, ಮೊಣಕೈ ಮಡಿಸಿ ಚಾಚಲಿ, ದಿನಕ್ಕೆ ಮೂರು ಸಲವಾದರೂ ಕೈಯನ್ನು ತಲೆಯ ಮೇಲಕ್ಕೆ ಎತ್ತಲಿ. ಇಡೀ ದಿನ ಕೊರಳಿಗೆ ಜೋಲಿ ಹಾಕಿಕೊಂಡು ಕೂತರೆ ಭುಜ ಹಿಡಿದುಕೊಳ್ಳುತ್ತದೆ. ಮಣಿಕಟ್ಟು ಕೂಡಿದ ಮೇಲೂ ಭುಜದ ನೋವಿನಲ್ಲೇ ಒಂದು ವರ್ಷ ನರಳುವವರಿದ್ದಾರೆ. ಕೂತಾಗ, ಮಲಗಿದಾಗ ಕೈ ಎದೆಯ ಮಟ್ಟಕ್ಕಿಂತ ಮೇಲೆ ದಿಂಬಿನ ಮೇಲಿರಲಿ. ಉಂಗುರ, ಬಳೆ ಆ ಕೈಯಲ್ಲಿ ಉಳಿದಿದ್ದರೆ ಈಗಲೇ ತೆಗೆಸಿ, ಬರದಿದ್ದರೆ ಕತ್ತರಿಸಿಯಾದರೂ. ನೋವು ಕಡಿಮೆಯಾಗುವ ಬದಲು ಏರುತ್ತಿದ್ದರೆ, ಬೆರಳು ತಣ್ಣಗಾಗಿ ನೀಲಿಯಾದರೆ, ಜೋಮು ಬಂದರೆ, ಬೆರಳನ್ನು ಬೇರೆಯವರು ನೇರ ಮಾಡಿದಾಗ ಸಹಿಸಲಾರದ ನೋವಾದರೆ ಪ್ಲಾಸ್ಟರ್ ಬಿಗಿಯಾಗಿದೆ. ಅದನ್ನು ಉದ್ದಕ್ಕೆ ಸೀಳಿಸಬೇಕು, ರಾತ್ರಿಯಾಗಿದ್ದರೂ ಸರಿ. ತುರಿಕೆಗೆ ಕಡ್ಡಿ, ಸ್ಕೇಲು ತೂರಿಸಬೇಡಿ, ಒಳಗೆ ಗಾಯವಾದರೆ ವಾಸನೆ ಬರುವವರೆಗೂ ಗೊತ್ತಾಗುವುದಿಲ್ಲ.

ಹೆಚ್ಚಿನವರಿಗೆ ಯಾರೂ ಹೇಳದ ಒಂದು ಸಂಗತಿ ಇದೆ. ಮುರಿತ ಚೆನ್ನಾಗಿ ಕೂಡುತ್ತಿರುವಾಗಲೇ, ಮೂರನೇ ವಾರದಿಂದ ಎಂಟನೇ ವಾರದ ನಡುವೆ, ಹೆಬ್ಬೆರಳನ್ನು ಮೇಲೆತ್ತುವ ಸ್ನಾಯುರಜ್ಜು ಮೂಳೆಯ ಮೇಲೆ ಉಜ್ಜಿ ಉಜ್ಜಿ ಹರಿದುಹೋಗಬಹುದು. ನೋವು ಅಷ್ಟಾಗಿ ಇರುವುದಿಲ್ಲ. ಅಂಗೈಯನ್ನು ಮೇಜಿನ ಮೇಲೆ ಮಟ್ಟಸವಾಗಿ ಇಟ್ಟು ಹೆಬ್ಬೆರಳನ್ನು ಮಾತ್ರ ಮೇಲೆತ್ತಲು ಹೇಳಿ. ಏಳದಿದ್ದರೆ ಸರ್ಜನ್‌ಗೆ ತೋರಿಸಿ. ಪ್ಲಾಸ್ಟರ್ ಬಿಚ್ಚಿದ ಮೇಲೆ ದಿನಕ್ಕೆ ಮೂರು ಹೊತ್ತು ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಮಣಿಕಟ್ಟನ್ನು ಮೇಲೆ ಕೆಳಗೆ ಆಡಿಸಲಿ, ಅಂಗೈ ಮೇಲ್ಮುಖ ಕೆಳಮುಖ ತಿರುಗಿಸಲಿ. ತುಂಬಿದ ಕುಕ್ಕರ್, ಬಕೆಟ್ ಎತ್ತುವುದು ಹತ್ತು ಹನ್ನೆರಡು ವಾರದ ನಂತರ.

ಎಣ್ಣೆ ನೀವುವುದು, ನಾಟಿ ಕಟ್ಟು ಕಟ್ಟಿಸುವುದು ಏಕೆ ಬೇಡ? ತಾಜಾ ಮುರಿತವನ್ನು ತಿಕ್ಕಿದರೆ ಕೂಡಿಸಿದ ಮೂಳೆ ಜಾರುತ್ತದೆ. ಮೊಣಕೈಯಂಥ ಕೀಲಿನ ಸುತ್ತ ತಿಕ್ಕಿದರೆ ಸ್ನಾಯುವಿನೊಳಗೇ ಮೂಳೆ ಬೆಳೆದು ಕೀಲು ಶಾಶ್ವತವಾಗಿ ಬಿಗಿಯಬಹುದು. ಬಿದಿರು ದಬ್ಬೆ ಇಟ್ಟು ಬಿಗಿದ ಕಟ್ಟಿನಡಿ ಊತ ಏರಿದಾಗ ರಕ್ತದ ಓಟ ನಿಂತು ಕೈಯನ್ನೇ ಕಳೆದುಕೊಂಡವರಿದ್ದಾರೆ, ಅದರಲ್ಲೂ ಮಕ್ಕಳು. ಕಟ್ಟಿನ ಮೇಲೆ ನಂಬಿಕೆ ಇರುವ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಹೀಗಳೆಯದೆ ಈ ಕಾರಣಗಳನ್ನು ಹೇಳಿ, ಕೇಳುತ್ತಾರೆ.

ಮಗನ ಪಾದಕ್ಕೆ ಬರೋಣ. ಚಕ್ರದ ಕಡ್ಡಿಗೆ ಸಿಕ್ಕ ಕಾಲಿಗೆ ಮೂರು ಬಗೆಯ ಪೆಟ್ಟು ಒಟ್ಟಿಗೆ ಆಗುತ್ತದೆ. ಕಡ್ಡಿ ಚರ್ಮವನ್ನು ಕೊಯ್ಯುತ್ತದೆ, ಗಾಡಿಯ ಚೌಕಟ್ಟಿನ ನಡುವೆ ಪಾದ ಜಜ್ಜುತ್ತದೆ, ಚಕ್ರ ತಿರುಗುತ್ತಲೇ ಇರುವುದರಿಂದ ಚರ್ಮ ಅಡಿಯ ಮಾಂಸದಿಂದ ಬಿಟ್ಟುಕೊಳ್ಳುತ್ತದೆ. ಮೊದಲ ದಿನ ಬರೀ ತರಚಿದಂತೆ ಕಾಣುವ ಹಿಮ್ಮಡಿಯ ಚರ್ಮ ಎರಡರಿಂದ ಐದು ದಿನದಲ್ಲಿ ಕಪ್ಪಾಗುವುದು ಇದೇ ಕಾರಣಕ್ಕೆ: ಕೆಳಗಿನಿಂದ ರಕ್ತ ಬರುವ ದಾರಿ ಹರಿದಿದೆ. ಹಾಗಾಗಿ ಇಂಥ ಗಾಯವನ್ನು 48 ಗಂಟೆಯ ನಂತರ ಮತ್ತೊಮ್ಮೆ ನೋಡಲೇಬೇಕು. ಕಪ್ಪು ಪದರವನ್ನು ನೀವು ಕೀಳಬೇಡಿ. ಅರಿಶಿನ, ಕಾಫಿಪುಡಿ, ಯಾವ ಪುಡಿಯೂ ಬೇಡ. ಅಂಟಿಕೊಳ್ಳದ ಪ್ಯಾರಾಫಿನ್ ಬಟ್ಟೆಯ ಡ್ರೆಸ್ಸಿಂಗ್ ಹಾಕಿಸಿ, ಮಲಗಿದಾಗ ಪಾದ ಎದೆಮಟ್ಟಕ್ಕಿಂತ ಮೇಲಿರಲಿ, ಹಿಮ್ಮಡಿ ಹಾಸಿಗೆಗೆ ಒತ್ತದಂತೆ ಮೀನಖಂಡದ ಅಡಿಗೆ ದಿಂಬಿಡಿ. ಕಪ್ಪು ಭಾಗ ಚಿಕ್ಕದಾಗಿದ್ದರೆ ಕೆಲವು ವಾರಗಳಲ್ಲಿ ತಾನಾಗಿ ಮಾಯುತ್ತದೆ. ದೊಡ್ಡದಾಗಿದ್ದರೆ, ಒಳಗಿನ ಬಿಳಿ ಸ್ನಾಯುರಜ್ಜು ಕಂಡರೆ, ಸತ್ತ ಚರ್ಮ ತೆಗೆದು ಹೊಸ ಚರ್ಮ ಕೂರಿಸಬೇಕಾಗಬಹುದು. ಸುತ್ತ ಕೆಂಪು ಹರಡಿದರೆ, ಕೀವು, ಜ್ವರ ಬಂದರೆ ಅವತ್ತೇ ತೋರಿಸಿ.

ಪಾದ ಮತ್ತು ಹರಡಿನ (ಕಾಲಿನ ಗಿಣ್ಣಿನ) ಎಕ್ಸ್‌ರೇ ಆಗಿಲ್ಲದಿದ್ದರೆ ಮಾಡಿಸಿ. ಮಕ್ಕಳಲ್ಲಿ ಮೂಳೆಯ ತುದಿಯ ಬೆಳವಣಿಗೆಯ ಪಟ್ಟಿಗೆ ಪೆಟ್ಟಾದರೆ ಎಕ್ಸ್‌ರೇಯಲ್ಲೂ ಸ್ಪಷ್ಟವಾಗಿ ಕಾಣದೆ ಇರಬಹುದು. ಆ ಜಾಗ ಒತ್ತಿದಾಗ ನೋವಿದ್ದರೆ ಎರಡು ಮೂರು ವಾರ ಸ್ಲ್ಯಾಬ್ (ಒಂದು ಬದಿಗಷ್ಟೇ ಕಟ್ಟುವ ಅರ್ಧ ಪ್ಲಾಸ್ಟರ್) ಹಾಕುವುದು ರೂಢಿ. ಆರು ತಿಂಗಳಿಗೆ, ವರ್ಷಕ್ಕೆ ಒಮ್ಮೆ ಎರಡೂ ಕಾಲಿನ ಉದ್ದ, ಹರಡಿನ ನೇರ ನೋಡಿಸಿ. ಶಾಲೆಗೆ ಹೋಗುವಾಗ ಹಿಮ್ಮಡಿ ಮುಚ್ಚದ ಚಪ್ಪಲಿ ಹಾಕಿಸಿ, ಶೂ ಬೇಕೇಬೇಕು ಎನ್ನುವ ಶಾಲೆಗೆ ವೈದ್ಯರ ಚೀಟಿ ಕೊಡಿ. ರಾತ್ರಿ ಬೆಚ್ಚಿಬೀಳುವುದು, ರಸ್ತೆ ದಾಟಲು ಹೆದರುವುದು ಕೆಲವು ವಾರ ಸಹಜ. ನಾಲ್ಕು ವಾರ ಮೀರಿದರೆ ಮಕ್ಕಳ ಮನೋತಜ್ಞರ ಹತ್ತಿರ ಮಾತಾಡಿಸಿ.

ಧನುರ್ವಾಯುವಿನ ಬಗ್ಗೆ ಕುದುರೆಗಾಡಿಯ ಅಪಘಾತದಲ್ಲಿ ಹೆಚ್ಚು ಎಚ್ಚರ ಬೇಕು. ಆ ರೋಗಾಣುವಿನ ಬೀಜಕಗಳು ಕುದುರೆಯ ಕರುಳಿನಲ್ಲಿ, ಲದ್ದಿಯಲ್ಲಿ, ಲದ್ದಿ ಬಿದ್ದ ರಸ್ತೆಯ ಧೂಳಿನಲ್ಲಿ ಇರುತ್ತವೆ. ನಿಮ್ಮ ತಾಯಿಯವರ ವಯಸ್ಸಿನ ಅನೇಕರಿಗೆ ಬಾಲ್ಯದ ಲಸಿಕೆ ಪೂರ್ತಿ ಆಗಿರುವುದಿಲ್ಲ. ಅಂಥವರಿಗೆ ಒಂದೇ ಇಂಜೆಕ್ಷನ್ ರಕ್ಷಣೆ ಕೊಡದು. ನಾಲ್ಕು ವಾರದ ನಂತರ ಎರಡನೆಯದು, ಅದಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ ಮೂರನೆಯದು. ಕೊಳಕು ಗಾಯವಾಗಿದ್ದು ಹಿಂದೆ ಮೂರು ಡೋಸ್ ಆಗಿಲ್ಲ ಅಥವಾ ನೆನಪಿಲ್ಲ ಎಂದಾದರೆ ಟೆಟನಸ್ ಇಮ್ಯುನೊಗ್ಲಾಬ್ಯುಲಿನ್ (ಧನುರ್ವಾಯುವಿನ ವಿರುದ್ಧ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) 250 ಯೂನಿಟ್ ಕೂಡ ಬೇಕು. ತಡವಾಗಿದ್ದರೂ ಕೇಳಿ, ಏಕೆಂದರೆ ರೋಗ ಸಾಮಾನ್ಯವಾಗಿ ಮೂರರಿಂದ ಇಪ್ಪತ್ತೊಂದು ದಿನದಲ್ಲಿ ಕಾಣಿಸಿಕೊಳ್ಳುತ್ತದೆ. ದವಡೆ ಬಿಗಿದು ಬಾಯಿ ಪೂರ್ತಿ ತೆರೆಯಲಾಗದಿರುವುದು ಮೊದಲ ಗುರುತು. ಮಗನಿಗೆ ಐದಾರು ವರ್ಷದ ಬೂಸ್ಟರ್ ಆಗಿದ್ದರೆ ಸಾಕು, ಅವನ ಲಸಿಕೆ ಬರೆದಿರುವ "ತಾಯಿ ಕಾರ್ಡ್" ನೋಡಿ ಖಚಿತಮಾಡಿಕೊಳ್ಳಿ.

ತಾಯಿಯವರ ಮೂಳೆಯ ಬಲವನ್ನೂ ಇದೇ ಹೊತ್ತಿನಲ್ಲಿ ನೋಡಿಸಿ: ಡೆಕ್ಸಾ ಸ್ಕ್ಯಾನ್, ರಕ್ತದಲ್ಲಿ ವಿಟಮಿನ್ ಡಿ. ಮಣಿಕಟ್ಟಿನ ಜೊತೆ ಬೆನ್ನೂ ಮುರಿದಿದ್ದರೆ ಮೂಳೆ ಸವೆತಕ್ಕೆ ಔಷಧಿ ಶುರುಮಾಡಬೇಕಾಗುತ್ತದೆ. ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಕೊಟ್ಟರೆ ಅದನ್ನು ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ನೀರಿನ ಜೊತೆ ನುಂಗಿ ಅರ್ಧ ಗಂಟೆ ನೆಟ್ಟಗೆ ಕೂರಬೇಕು, ಮಲಗಿದರೆ ಅನ್ನನಾಳ ಸುಡುತ್ತದೆ. ಬೆನ್ನು ನೋವಿಗೆ ಕೂರಲಾಗದಿದ್ದರೆ ಅದನ್ನು ವೈದ್ಯರಿಗೆ ತಿಳಿಸಿ. ಈ ವಯಸ್ಸಿನ ಹೆಂಗಸರಿಗೆ ದಿನಕ್ಕೆ ಸುಮಾರು 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 340ರಿಂದ 360 ಮಿಲಿಗ್ರಾಂ ಇರುತ್ತದೆ. ಒಂದು ಹೊತ್ತು ಮುದ್ದೆ, ಎರಡು ಲೋಟ ಹಾಲು ಅಥವಾ ಮಜ್ಜಿಗೆ, ಸೊಪ್ಪು ಸೇರಿದರೆ ಮಾತ್ರೆಯ ಅಗತ್ಯ ಕಡಿಮೆಯಾಗುತ್ತದೆ.

ಬೇರೆ ಓದುಗರಿಗಾಗಿ ಕೆಲವು ಮಾತು. ಮುಂದಿನ ಸೀಟಿನವರ ಗಾಯದ ರೀತಿಯೇ ಬೇರೆ. ಕುದುರೆ ಮುಗ್ಗರಿಸಿದಾಗ ಎರಡು ಚಕ್ರದ ಗಾಡಿಯ ಮೂಕಿಗಳು (ಕುದುರೆಯನ್ನು ಕಟ್ಟುವ ಮುಂದಿನ ಉದ್ದ ದಂಡಗಳು) ನೆಲಕ್ಕೆ ಬೀಳುತ್ತವೆ, ಮುಂದಿನವರು ಕುದುರೆಯ ಹಿಂಗಾಲಿನ ಹತ್ತಿರಕ್ಕೇ ಎಸೆಯಲ್ಪಡುತ್ತಾರೆ. ಮುಖ, ಭುಜದ ಕೊರಳೆಲುಬು, ಅದರ ಮೇಲೆ ಒದೆತ. ಹೊಟ್ಟೆಯ ಮೇಲೆ ಲಾಳದ ಗುರುತು ಮೂಡಿದ್ದರೆ ಚರ್ಮ ಹರಿಯದಿದ್ದರೂ ಒಳಗೆ ಲಿವರ್, ಗುಲ್ಮ (ಸ್ಪ್ಲೀನ್), ಕರುಳು ಒಡೆದಿರಬಹುದು. ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲಿ ನಿಗಾ ಬೇಕು. ಎಡಭುಜದ ತುದಿಯಲ್ಲಿ ಕಾರಣವಿಲ್ಲದ ನೋವು ಗುಲ್ಮದ ರಕ್ತಸ್ರಾವದ ಸೂಚನೆ. ಗಾಡಿಯ ಹಿಂದೆ ಭಾರ ಹೆಚ್ಚಾದರೆ ಇದರ ತಿರುಗುಮುರುಗು: ಮೂಕಿ ಮೇಲೇಳುತ್ತದೆ, ಹಿಂದಿನವರೆಲ್ಲ ಒಟ್ಟಿಗೆ ಜಾರುತ್ತಾರೆ. ಸೆರಗು, ದುಪಟ್ಟಾ ಚಕ್ರಕ್ಕೆ ಸುತ್ತಿ ಕೊರಳು ಬಿಗಿದಿದ್ದರೆ, ಮಾತು ಸರಿಯಿದ್ದರೂ ಧ್ವನಿ ಒಡೆದಿದೆಯೇ, ನುಂಗಲು ನೋವೇ ಎಂದು ನೋಡಿ ಆಸ್ಪತ್ರೆಗೆ ಕರೆದೊಯ್ಯಿರಿ. ಶ್ವಾಸನಾಳದ ಊತ ಗಂಟೆಗಳ ನಂತರ ಏರಬಹುದು.

ಸ್ಥಳದಲ್ಲಿ ಇದ್ದವರು ಮೊದಲು ಕುದುರೆಯನ್ನು ಹಿಡಿಯಬೇಕು. ಗಾಡಿಯವರೋ ಕುದುರೆ ಬಲ್ಲವರೋ ಒಬ್ಬರು ಮುಂದಿನಿಂದ ಪಕ್ಕಕ್ಕೆ ಬಂದು ಲಗಾಮು ಹಿಡಿದು ಮಾತಾಡಿಸುತ್ತಿರಲಿ. ಗಾಡಿಗೆ ಕಟ್ಟಿರುವಾಗ ಲಗಾಮಾಗಲಿ ಕಣ್ಣುಪಟ್ಟಿಯಾಗಲಿ ಬಿಚ್ಚಬಾರದು, ಹಿಂದಿನ ಗಾಡಿ ಕಣ್ಣಿಗೆ ಬಿದ್ದು ಕುದುರೆ ಮತ್ತೆ ಓಡುತ್ತದೆ. ಜನ ಎಲ್ಲರೂ ಇಳಿದ ಮೇಲೆಯೇ ಕುದುರೆಯನ್ನು ಗಾಡಿಯಿಂದ ಬಿಡಿಸುವುದು. ಚಕ್ರಕ್ಕೆ ಕಾಲು ಸಿಕ್ಕಿದ್ದರೆ ಎಳೆಯಬೇಡಿ. ಚಕ್ರ ಮುಂದೆ ಹಿಂದೆ ಅಲುಗದಂತೆ ಎರಡೂ ಕಡೆ ಕಲ್ಲು ಕೊಟ್ಟು, ಬೇಕಾದರೆ ಕಡ್ಡಿಯನ್ನು ಕತ್ತರಿಸಿ. 108ಕ್ಕೆ ಕರೆ ಮಾಡುವಾಗ ಎಷ್ಟು ಜನ, ಮಕ್ಕಳು ಇದ್ದಾರೆಯೇ, ಎಚ್ಚರ ತಪ್ಪಿದವರಿದ್ದಾರೆಯೇ ಎಂದು ಹೇಳಿ. ಗಾಯವನ್ನು ಹರಿಯುವ ಶುದ್ಧ ನೀರಿನಲ್ಲಿ ಹತ್ತು ಹದಿನೈದು ನಿಮಿಷ ತೊಳೆಯುವುದು ಯಾವ ಮುಲಾಮಿಗಿಂತಲೂ ಮೇಲು. ಲದ್ದಿ, ಮಣ್ಣು ಹೊಕ್ಕ ಆಳದ ಗಾಯವನ್ನು ವೈದ್ಯರು ತಕ್ಷಣ ಹೊಲಿಯದೆ ಮೂರರಿಂದ ಐದು ದಿನ ಬಿಟ್ಟು ಹೊಲಿದರೆ ಅದು ನಿರ್ಲಕ್ಷ್ಯವಲ್ಲ, ಸೋಂಕು ಒಳಗೇ ಉಳಿಯದಿರಲಿ ಎಂದು. ಬೆದರಿದ ಕುದುರೆ ಕಚ್ಚಿದ್ದರೆ ರೇಬಿಸ್ ಲಸಿಕೆಯ ಬಗ್ಗೆಯೂ ವೈದ್ಯರನ್ನು ಕೇಳಿ.

ಕಾಗದಪತ್ರದ ವಿಷಯ ಬಿಡಬೇಡಿ. ಟಾಂಗಾ ಮೋಟಾರು ವಾಹನವಲ್ಲ, ಆದರೆ ನಿಮ್ಮ ಪ್ರಕರಣದಲ್ಲಿ ಕಾರು ತಾಗಿದೆ. ಆದ್ದರಿಂದ ಮೋಟಾರು ವಾಹನ ಕಾಯ್ದೆಯಡಿ ಪರಿಹಾರ ಕೇಳಬಹುದು. ಪೊಲೀಸ್ ದೂರು ಇನ್ನೂ ಕೊಟ್ಟಿಲ್ಲದಿದ್ದರೆ ತಡಮಾಡದೆ ಕೊಡಿ, ಆ ರಸ್ತೆಯ ಅಂಗಡಿಗಳ ಕ್ಯಾಮೆರಾ ದೃಶ್ಯ ಅಳಿಸಿಹೋಗುವ ಮೊದಲೇ ಕೇಳಿ. ಆಸ್ಪತ್ರೆಯಿಂದ ವೂಂಡ್ ಸರ್ಟಿಫಿಕೇಟ್ (ಗಾಯದ ಪ್ರಮಾಣಪತ್ರ), ಎಕ್ಸ್‌ರೇ, ಬಿಲ್ಲುಗಳನ್ನು ತೆಗೆದಿಡಿ. ಕಾರು ಪತ್ತೆಯಾದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಆರು ತಿಂಗಳೊಳಗೆ ಅರ್ಜಿ ಹಾಕುವುದು ಕ್ಷೇಮ. ಪತ್ತೆಯಾಗದಿದ್ದರೆ ಗುದ್ದಿ ಓಡಿದ ಪ್ರಕರಣದ ಯೋಜನೆಯಡಿ ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ, ಮೂಳೆ ಮುರಿತ ಕಾನೂನಿನಲ್ಲಿ ತೀವ್ರ ಗಾಯವೇ. ಆ ಅರ್ಜಿ ಹೋಗುವುದು ಕಂದಾಯ ಇಲಾಖೆಯ ವಿಚಾರಣಾಧಿಕಾರಿಗೆ. 2025ರ ನಗದುರಹಿತ ಚಿಕಿತ್ಸಾ ಯೋಜನೆ ಅಪಘಾತದ ದಿನದಿಂದ ಏಳು ದಿನದವರೆಗೆ, 1.5 ಲಕ್ಷ ರೂಪಾಯಿ ತನಕ, ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ ಅನ್ವಯಿಸುತ್ತದೆ. ನಿಮಗೆ ಅದರಲ್ಲಿ ಉಳಿದಿರುವುದು ಒಂದೇ ದಿನ, ಸ್ಕ್ಯಾನ್‌ಗೆ ಹೋದಾಗಲೇ ಕೌಂಟರಿನಲ್ಲಿ ವಿಚಾರಿಸಿ. ಮೋಟಾರು ವಾಹನದ ಪಾತ್ರವೇ ಇಲ್ಲದೆ ಕುದುರೆ ತಾನಾಗಿ ಬೆದರಿ ಆದ ಅಪಘಾತಕ್ಕೆ ಈ ಮೂರೂ ದಾರಿ ಇಲ್ಲ, ಸಿವಿಲ್ ನ್ಯಾಯಾಲಯವೇ ಗತಿ. ಹಾಗಾಗಿ ಕಾರು ಚಕ್ರಕ್ಕೆ ತಾಗಿತು ಎಂಬುದು ದೂರಿನಲ್ಲೂ ಆಸ್ಪತ್ರೆಯ ದಾಖಲೆಯಲ್ಲೂ ಇದೆಯೇ ಎಂದು ಓದಿ ನೋಡಿ. "ಟಾಂಗಾದಿಂದ ಬಿದ್ದು ಗಾಯ" ಎಂದಷ್ಟೇ ಬರೆದಿದ್ದರೆ ನಡೆದದ್ದನ್ನು ಲಿಖಿತವಾಗಿ ತಿಳಿಸಿ, ದಾಖಲೆಗೆ ಸೇರಿಸುವಂತೆ ಕೋರಿ ಅರ್ಜಿ ಕೊಡಿ.